ಬೀಳದವನ ಸುದ್ದಿ

ನಮ್ಮ ಅಪ್ಪಯ್ಯ ಅಡಿಕೆ ಮರದಿಂದ ಒಂದು ಸಲವೂ ಬಿದ್ದವನಲ್ಲ. ಹಾಗಾಗಿ ಅವನ ಸುದ್ದಿ ಪೇಪರಿನಲ್ಲಿ ಬಂದದ್ದೂ ಇಲ್ಲ. ಇದನ್ನು ಅವನೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ. "ನಮ್ಮೋರು ಪೇಪರಿಗೆ ಹೋಗ್ಬೇಕಂದ್ರೆ ಮರದ ಮೇಲಿಂದನೇ ದಾರಿ. ಕೆಳಗಿಂದ ನಡ್ಕೊಂಡು ಹೋದ್ರೆ ಬಾಗಿಲು ತೆಗಿಯಲ್ಲ" ಎನ್ನುತ್ತಿದ್ದ.

ಅವನು ಕೊನೆಗಾರ. ನಮ್ಮ ಕೊಪ್ಪ, ಶೃಂಗೇರಿ ಕಡೆ ಅಡಿಕೆಯ ಗೊಂಚಲಿಗೆ ಕೊನೆ ಎಂದು ಹೆಸರು. ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿಕೊಂಡು ಮರ ಹತ್ತಿ, ಕೊನೆ ಕೊಯ್ದು, ಹಗ್ಗದಲ್ಲಿ ಕೆಳಗೆ ಬಿಟ್ಟು, ಆಮೇಲೆ ಆ ಮರವನ್ನೇ ತೂಗಿಸಿಕೊಂಡು ಪಕ್ಕದ ಮರಕ್ಕೆ ದಾಟುವವನು ಕೊನೆಗಾರ. ಒಂದು ತೋಟದ ಕೊಯ್ಲು ಪೂರ್ತಿಯಾದರೆ "ಕೊನೆ ಮುಗೀತು" ಎನ್ನುತ್ತೇವೆ. ಅಪ್ಪಯ್ಯ ಕಮ್ಮರಡಿಯ ಸುತ್ತಮುತ್ತಲಿನ ತೋಟಗಳಿಂದ ಹಿಡಿದು ಶೃಂಗೇರಿ ದಾರಿಯ ತೋಟಗಳ ತನಕ ಯಾರ್ಯಾರದ್ದೋ ಕೊನೆ ಮುಗಿಸಿಕೊಂಡು ಬಂದವನು. ತನ್ನದು ಅಂತ ಒಂದು ಅಡಿಕೆ ಮರವೂ ಅವನಿಗಿಲ್ಲ.

ಪೇಪರಿನವರ ಭಾಷೆ ನನಗೆ ಹತ್ತಿರದಿಂದ ಗೊತ್ತು. ಬಾಳಗಡಿ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ ಮೇಲೆ ಕೊಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೈಪಿಂಗ್ ಅಂಗಡಿಯಲ್ಲಿ ಕೂತಿದ್ದೆ. ಒಂದು ಪತ್ರಿಕೆಯ ತಾಲ್ಲೂಕು ವರದಿಗಾರರು ದಿನಾ ಅಲ್ಲಿಗೆ ಬಂದು, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಸುದ್ದಿ ಹೇಳುತ್ತಿದ್ದರು, ನಾನು ಕುಟ್ಟುತ್ತಿದ್ದೆ. ಅವರು ಪತ್ರಿಕೆಯ ಏಜೆಂಟರೂ ಹೌದು, ವಿಮೆಯ ಏಜೆಂಟರೂ ಹೌದು, ಸಭೆ ಸಮಾರಂಭಗಳಿಗೆ ನಿರೂಪಕರೂ ಹೌದು. ಒಂದೇ ಮನೆಗೆ ಬೆಳಿಗ್ಗೆ ಪೇಪರು ಹಾಕಿ, ಮಧ್ಯಾಹ್ನ ಪಾಲಿಸಿ ಮಾಡಿಸಿ, ಸಂಜೆ ಅದೇ ಮನೆಯ ಗೃಹಪ್ರವೇಶದ ಸುದ್ದಿ ಬರೆಯುವ ತಾಕತ್ತಿದ್ದವರು. ಕೆಟ್ಟವರಲ್ಲ, ಬಾಯಿ ತುಂಬ ಮಾತಾಡಿಸುವ ಜನ.

ಅವರ ಸುದ್ದಿ ಕುಟ್ಟಿ ಕುಟ್ಟಿ ನನಗೆ ಒಂದು ವಿಷಯ ತಿಳಿಯಿತು. ರಸ್ತೆ ಕೆಟ್ಟಿದೆ ಎಂದುಕೊಳ್ಳಿ. ಮೇಲಿನ ಊರಿನವರು ಹೇಳಿದರೆ "ಗ್ರಾಮಸ್ಥರ ಆಗ್ರಹ". ಅದೇ ರಸ್ತೆಯ ಅದೇ ಹೊಂಡದ ಬಗ್ಗೆ ನಮ್ಮ ಕಾಲೊನಿಯವರು ಹೇಳಿದರೆ "ನಿವಾಸಿಗಳ ಅಳಲು". ಅವರು ಆಗ್ರಹಿಸುತ್ತಾರೆ, ಎಚ್ಚರಿಸುತ್ತಾರೆ. ನಾವು ಏನು ಬಾಯಿಬಿಟ್ಟರೂ ತೋಡಿಕೊಳ್ಳುತ್ತೇವೆ. ಒಮ್ಮೆ ನಮ್ಮ ಕಾಲೊನಿಯ ಹೆಂಗಸರು ಪಂಚಾಯ್ತಿ ಆಫೀಸಿನ ಬಾಗಿಲಿಗೇ ಅಡ್ಡ ಕೂತು, ಇದ್ದಬದ್ದವರನ್ನೆಲ್ಲ ಬೈದು ನೀರಿನ ಪೈಪು ಹಾಕಿಸಿಕೊಂಡು ಬಂದರು. ನನ್ನ ಅಮ್ಮ ಅದರಲ್ಲಿ ಮುಂದಾಳು, ಅವಳ ಗಂಟಲು ಮೂರು ದಿನ ಬಿದ್ದುಹೋಗಿತ್ತು. ಪೇಪರಿನಲ್ಲಿ ಬಂದದ್ದು "ಕಣ್ಣೀರಿಟ್ಟ ಮಹಿಳೆಯರು" ಎಂದು. ಅಮ್ಮ ಅದನ್ನು ನನ್ನಿಂದ ಎರಡೆರಡು ಸಲ ಓದಿಸಿ, "ಯಾರೇ ಅದು ಅತ್ತಿದ್ದು? ನಾ ನೋಡ್ಲೇ ಇಲ್ಲ" ಎಂದಳು.

ಕೊಯ್ಲಿನ ಕಾಲ ಬಂದರೆ ನಮ್ಮವರ ಬಗ್ಗೆ ಒಂದು ಸುದ್ದಿ ಬಂದೇ ಬರುತ್ತಿತ್ತು, "ಕೊನೆಗಾರರ ಕೊರತೆ, ಬೆಳೆಗಾರರು ಕಂಗಾಲು" ಎಂದು. ಅದರಲ್ಲಿ ಬೆಳೆಗಾರರು ಮಾತಾಡುತ್ತಿದ್ದರು, ಅವರ ಸಂಘದವರು ಮಾತಾಡುತ್ತಿದ್ದರು, ಅಧಿಕಾರಿಗಳು ಮಾತಾಡುತ್ತಿದ್ದರು. ಒಂದು ಸಲ ತಡೆಯದೆ ಕೇಳಿಯೇಬಿಟ್ಟೆ.

"ಸರ್, ಒಬ್ಬ ಕೊನೆಗಾರನ್ನಾದ್ರೂ ಮಾತಾಡ್ಸಿದ್ರಾ?"

"ಅವ್ರು ಎಲ್ಲಿ ಸಿಗ್ತಾರೆ ಮಾರಾಯ್ತಿ? ಸಿಗಲ್ಲ, ಅದ್ಕೇ ಅಲ್ವಾ ಕೊರತೆ ಅನ್ನೋದು!"

ಕೊನೆಗಾರನ ಮಗಳು ಅವರ ಮೊಣಕೈ ತಾಗುವಷ್ಟು ಹತ್ತಿರ ಕೂತು ಇದನ್ನು ಕುಟ್ಟುತ್ತಿದ್ದಳು. ಅದು ಅವರಿಗೆ ಗೊತ್ತಿತ್ತು ಕೂಡ.

ಅವರಿಗೆ ಇನ್ನೊಂದು ಚಾಳಿಯಿತ್ತು. ಯಾರ ಬಗ್ಗೆ ಏನೇ ಬರೆಸಲಿ, ಕೊನೆಗೆ "ಪತ್ನಿ, ಪುತ್ರ, ಪುತ್ರಿ ಇದ್ದಾರೆ" ಎಂದು ಸೇರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಅದು ನಿಧನವಾರ್ತೆಯ ಸಾಲು. ಆದರೆ ಅವರು ನಿವೃತ್ತರಾದ ಮೇಷ್ಟ್ರ ಸನ್ಮಾನಕ್ಕೂ ಅದನ್ನೇ ಹಾಕುವವರು, ಕಬಡ್ಡಿಯಲ್ಲಿ ಗೆದ್ದ ತಂಡದ ನಾಯಕನಿಗೂ ಅದನ್ನೇ ಹಾಕುವವರು. ನಾನು ಅಳಿಸುತ್ತಿದ್ದೆ, ಅವರು ಮತ್ತೆ ಹಾಕಿಸುತ್ತಿದ್ದರು. "ಓದೋರಿಗೆ ಮನೆಯವ್ರ ವಿಷ್ಯ ಬೇಕಾಗ್ತದೆ" ಎನ್ನುವುದು ಅವರ ವಾದ.

ಮದುವೆಯಾಗಿ ನಾನು ನರಸಿಂಹರಾಜಪುರಕ್ಕೆ ಬಂದೆ, ಅಲ್ಲೇ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತು. ಈ ನಡುವೆ ಅಪ್ಪಯ್ಯನ ಮಂಡಿ ಸವೆಯಿತು. ತೋಟದವರೂ ಉದ್ದದ ಫೈಬರ್ ಕೋಲಿನ ದೋಟಿ ತಂದುಕೊಂಡು, ಮರ ಹತ್ತದೆ ನೆಲದ ಮೇಲೆ ನಿಂತೇ ಕೊನೆ ಕೊಯ್ಯಿಸತೊಡಗಿದರು. ಕಳೆದ ಸಲ ಕೊಯ್ಲು ಶುರುವಾಗುವಾಗ ಅಪ್ಪಯ್ಯ, "ಇದೊಂದು ವರ್ಷ ಹತ್ತೋದು, ಆಮೇಲೆ ಸಾಕು" ಎಂದ. ಅಮ್ಮ ದೇವರಿಗೆ ಕೈ ಮುಗಿದಳು. ಅದರ ಹಿಂದೆಯೇ ಅವನು ಇನ್ನೊಂದು ಮಾತು ಹೇಳಿದ.

"ನಿನ್ನ ಪೇಪರಿನ ಸಾರ್‌ಗೆ ಒಂದು ಮಾತು ಹೇಳ್ತೀಯಾ ಮಗಾ? ಬಿದ್ದವ್ರದ್ದು ಹಾಕ್ತಾರಲ್ಲ, ಬೀಳದೆ ಇಳಿದವನದ್ದು ಒಂದ್ಸಲ ಹಾಕ್ಲಿ. ದೊಡ್ಡದೆಂತ ಬೇಡ. ಹೆಸ್ರು ಹಾಕಿದ್ರೆ ಸಾಕು. ಪೂರ್ತಿ ಹೆಸ್ರು."

ತಮಾಷೆಯಲ್ಲ ಎಂದು ನನಗೆ ಆಗಲೇ ತಿಳಿಯಿತು. ಅಪ್ಪಯ್ಯನ ಅಣ್ಣ, ನನ್ನ ದೊಡ್ಡಪ್ಪ, ಮರದಿಂದ ಬಿದ್ದೇ ಹೋದವನು. ನಾನಾಗ ಶಾಲೆಗೆ ಹೋಗುತ್ತಿದ್ದೆ. ಮಾರನೆಯ ದಿನದ ಪೇಪರನ್ನು ಅಪ್ಪಯ್ಯ ಅಂಗಡಿಯಿಂದ ತಂದು ನನ್ನ ಕೈಗೆ ಕೊಟ್ಟು, "ಅಣ್ಣನ ಹೆಸ್ರು ಎಲ್ಲಿದೆ ತೋರ್ಸು" ಎಂದಿದ್ದ. ಎಷ್ಟು ಹುಡುಕಿದರೂ ಇರಲಿಲ್ಲ. "ಕೂಲಿ ಕಾರ್ಮಿಕನೊಬ್ಬ" ಎಂದಿತ್ತು. ಯಾರ ತೋಟದಲ್ಲಿ ಬಿದ್ದನೋ ಅವರ ಹೆಸರು ಮಾತ್ರ ಇನಿಷಿಯಲ್ ಸಮೇತ ಎರಡು ಕಡೆ ಇತ್ತು. ಅಪ್ಪಯ್ಯ ಅದರ ಮೇಲೆ ಬೆರಳಿಟ್ಟು, "ಇದು?" ಎಂದು ಕೇಳಿದ್ದ. ಅದು ತೋಟದವರ ಹೆಸರು ಎಂದು ಹೇಳಲು ನನಗೆ ಬಹಳ ಸಂಕಟವಾಗಿತ್ತು.

ನಾನು ವರದಿಗಾರರಿಗೆ ಫೋನ್ ಮಾಡಿದೆ. ಅವರು ಕೂಡಲೇ ಒಪ್ಪಿದರು. "ಒಳ್ಳೇ ಸ್ಟೋರಿ ಮಾರಾಯ್ತಿ, ಮೊದ್ಲೇ ಹೇಳೋದಲ್ವಾ?" ಎಂದು ನನಗೇ ಗದರಿದರು. ಅಪ್ಪಯ್ಯ ಒಪ್ಪಿಕೊಂಡ ಕಡೆಯ ತೋಟದ ಕೊನೆ ಮುಗಿಯುವ ಗುರುವಾರ ಅವರು ಬರುವುದೆಂದಾಯಿತು, ನಾನೂ ರಜೆ ಹಾಕಿ ಊರಿಗೆ ಹೋದೆ. ಅಪ್ಪಯ್ಯ ಬೆಳಿಗ್ಗೆಯೇ ಗಡ್ಡ ಬೋಳಿಸಿ, ನನ್ನ ಮದುವೆಗೆ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡು, ತೋಟದ ಬಾಯಲ್ಲಿ ನಿಂತಿದ್ದ. ವರದಿಗಾರರು ಬೈಕಿನಿಂದ ಇಳಿದವರೇ ಮುಖ ಹುಳಿ ಮಾಡಿಕೊಂಡರು.

"ಇದೆಂತ ಮಾರಾಯ್ರೆ, ಮದುಮಗನ ಹಾಗೆ ಬಂದಿದ್ದೀರಿ? ದಿನಾ ಹಾಕೋ ಬನಿಯನ್ ಇಲ್ವಾ?"

"ಅದು ಹರಿದಿದೆ ಸಾರ್."

"ಅದೇ ಬೇಕಿತ್ತಲ್ಲ!"

ಅಪ್ಪಯ್ಯ ಅಂಗಿ ಬಿಚ್ಚಲು ಒಪ್ಪಲಿಲ್ಲ. ಫೋಟೋ ತೆಗೆಯುವಾಗ ವರದಿಗಾರರು, "ಸ್ವಲ್ಪ ಮುಖ ಸಣ್ಣ ಮಾಡಿ. ಕಷ್ಟ ಕಾಣ್ಬೇಕು" ಎಂದರು. "ಕಷ್ಟ ಮಂಡಿಯಲ್ಲಿದೆ ಸಾರ್, ಮುಖದಲ್ಲಿಲ್ಲ. ಬೇಕಾದ್ರೆ ಮಂಡಿದು ತೆಗೀರಿ" ಎಂದು ಅಪ್ಪಯ್ಯ ಪಂಚೆ ಎತ್ತಲು ಹೊರಟ. ನಾನು ನಗು ತಡೆಯಲಾರದೆ ಆಚೆ ತಿರುಗಿದೆ. ಕಡೆಗೆ ಅವನು ಹಲ್ಲು ಕಾಣುವಂತೆ ನಗುತ್ತಿರುವ ಫೋಟೋವೇ ಗತಿಯಾಯಿತು.

"ಸರಿ, ನಿಮ್ಮ ಅಳಲು ಎಂತ ಹೇಳಿ" ಎಂದು ಶುರುವಿಟ್ಟರು.

"ಅಳಲು ಎಂತದೂ ಇಲ್ಲ ಸಾರ್. ಮೇಲಿಂದ ಎಲ್ಲ ಚಂದ ಕಾಣ್ತದೆ. ಯಾರ ಮನೆ ಹಂಚು ಒಡೆದಿದೆ, ಯಾರು ಬೇಲಿ ರಾತ್ರೋರಾತ್ರಿ ಆಚೆ ಸರಿಸಿದ್ದಾರೆ, ಬೀಡಿ ಬಿಟ್ಟೆ ಅಂತ ಹೆಂಡ್ತಿ ಹತ್ರ ಆಣೆ ಮಾಡಿದ ಯಜಮಾನ್ರು ಯಾವ ಮರದ ಹಿಂದೆ ನಿಂತಿದ್ದಾರೆ, ಎಲ್ಲಾ ಕಾಣ್ತದೆ. ಅದನ್ನ ಬರೀರಿ."

"ಅದನ್ನ ಬರೆದ್ರೆ ನನ್ನ ಪೇಪರ್ ತಗೊಳ್ಳೋರು ಯಾರು ಮಾರಾಯ್ರೆ?" ಎಂದು ಅವರೂ ನಕ್ಕರು. ಆಮೇಲೆ ಅಪ್ಪಯ್ಯನ ಹೆಸರನ್ನು, ಅವನ ಅಪ್ಪನ ಹೆಸರಿನ ಸಮೇತ, ಕೇಳಿ ಬರೆದುಕೊಂಡರು. ಅಪ್ಪಯ್ಯ ಅದನ್ನು ತಿರುಗಿ ಓದಿಸಿ ಕೇಳಿದ.

ನಾನು ಟೈಪಿಂಗ್ ಅಂಗಡಿ ಬಿಟ್ಟ ಮೇಲೆ ಅವರು ಫೋನಿಗೇ ಮಾತು ಹೇಳಿ, ಅದು ಬರೆದದ್ದನ್ನು ಜಿಲ್ಲಾ ಕೇಂದ್ರದ ಡೆಸ್ಕಿಗೆ ಕಳಿಸುತ್ತಿದ್ದರು. ಅವರು ಕಳಿಸಿದ್ದನ್ನು ಆಮೇಲೆ ನನಗೆ ತೋರಿಸಿದರು. ಅದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಕಮ್ಮರಡಿ ಸಮೀಪದ ಹಿರಿಯ ಕೊನೆಗಾರ ಇಂಥವರು ಗುರುವಾರ ಕೊನೆ ಮುಗಿಸಿದರು, ಬಹುಕಾಲ ಈ ಭಾಗದ ಅಡಿಕೆ ತೋಟಗಳಲ್ಲಿ ದುಡಿದ ಅವರು ಜನಾನುರಾಗಿಯಾಗಿದ್ದರು ಎಂದಿತ್ತು. ಕಡೆಯಲ್ಲಿ, ಬಿಟ್ಟರೆ ಪ್ರಾಣ ಹೋಗುತ್ತದೆ ಎನ್ನುವಂತೆ, "ಪತ್ನಿ, ಪುತ್ರಿ ಇದ್ದಾರೆ."

ಡೆಸ್ಕಿನಲ್ಲಿ ಕೂತವರು ಬಯಲುಸೀಮೆಯ ಕಡೆಯವರಂತೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. "ಕೊನೆ ಮುಗಿಸಿದರು" ಎಂದು ಓದಿ, ಪಾಪ, ಹೇಳುವುದಕ್ಕೆ ಸಂಕೋಚಪಟ್ಟು ಹೀಗೆ ಬರೆದಿದ್ದಾರೆ ಎಂದುಕೊಂಡು, ಭಾಷೆ ತಿದ್ದಿ, ಶುಕ್ರವಾರದ ನಿಧನವಾರ್ತೆಯ ಅಂಕಣದಲ್ಲಿ ಹಾಕಿದ್ದಾರೆ. ಕೊನೆಗಾರ ಎಂದರೆ ಏನೆಂದು ಅವರಿಗೆ ತಿಳಿದಿರಲಿಕ್ಕಿಲ್ಲ. ಅಡಿಕೆ ತೋಟ ಎಂದು ಕಂಡದ್ದರಿಂದ, ಮಲೆನಾಡಿನಲ್ಲಿ ಸತ್ತವರಿಗೆಲ್ಲ ಅಂಟಿಸುವ ಬಿರುದನ್ನೇ ಇವನಿಗೂ ಅಂಟಿಸಿದ್ದಾರೆ. ಪ್ರಗತಿಪರ ಕೃಷಿಕರಾದ ನಮ್ಮ ಅಪ್ಪಯ್ಯನವರು ಪೂರ್ತಿ ಹೆಸರಿನೊಂದಿಗೆ, ಬಿಳಿ ಅಂಗಿಯಲ್ಲಿ, ಹಲ್ಲು ಬಿಟ್ಟು ನಗುತ್ತಾ ಕೊನೆಯುಸಿರೆಳೆದಿದ್ದರು.

ಆಫೀಸಿಗೆ ಕಾಲಿಟ್ಟ ಕೂಡಲೇ ಪಕ್ಕದ ಸೀಟಿನವರು ಎದ್ದು ನಿಂತು, "ನೀವ್ಯಾಕೆ ಬಂದ್ರಿ ಇವತ್ತು?" ಎಂದರು. ಪೇಪರು ಅವರ ಕೈಯಲ್ಲಿತ್ತು. ಹಿಂದಿನ ಸಂಜೆಯಷ್ಟೇ ಅಪ್ಪಯ್ಯನ ಹತ್ತಿರ ಮಾತಾಡಿದ್ದೆ. ಆದರೂ ಅಚ್ಚಾದ ಅಕ್ಷರಕ್ಕೆ ಎಂಥ ಶಕ್ತಿ ಇದೆಯೆಂದರೆ, ನನ್ನ ಕಣ್ಣಲ್ಲಿ ನೀರು ತಾನಾಗಿ ಇಳಿಯತೊಡಗಿತು. ಫೋನ್ ಮಾಡಿದೆ. ಎತ್ತುವುದು ತಡವಾಯಿತು.

"ಎಂತ ಮಗಾ, ಇಷ್ಟೊತ್ತಿಗೆ?"

"ಅಪ್ಪಯ್ಯ... ಪೇಪರ್ ನೋಡಿದ್ಯಾ?"

"ಬಂತಾ? ಹೆಸ್ರು ಹಾಕಿದ್ದಾರಾ?"

"ಹಾಕಿದ್ದಾರೆ."

"ಪೂರ್ತಿಯಾ?"

"ಪೂರ್ತಿ."

"ಫೋಟೋ?"

"ಅದೂ ಇದೆ."

"ಮತ್ತೆ ಅಳ್ತಿದ್ದೀ ಎಂತಕ್ಕೆ ಮಾರಾಯ್ತಿ?"

"ನೀನು ಸತ್ತಿದ್ದೀಯಂತೆ."

"ಬಿದ್ದು ಸತ್ತ ಅಂತ ಹಾಕಿದ್ದಾರಾ?" ಎಂದು ಕೇಳಿದ. ಇಲ್ಲ ಎಂದೆ. "ಹಾಗಾದ್ರೆ ಅಡ್ಡಿಲ್ಲ" ಎಂದ.

ಕೊಪ್ಪಕ್ಕೆ ಬಂದು, ಅಲ್ಲಿಂದ ಕಮ್ಮರಡಿ ಬಸ್ಸು ಹಿಡಿದು ಮನೆ ಮುಟ್ಟುವಾಗ ಅಂಗಳದ ತುಂಬ ಜನ. ಕಂಡು ಹೋಗಲು ಬಂದವರಿಗೆ ಸತ್ತವನೇ ಕುರ್ಚಿ ಹಾಕಿ ಕೂರಿಸುತ್ತಿದ್ದ. ಅಮ್ಮ ಮಾತ್ರ ಒಲೆಯ ಮುಂದೆ ಕೂತು, ಪೇಪರಿನವರ ಏಳು ತಲೆಮಾರನ್ನು ಎಬ್ಬಿಸಿ ಬೈಯುತ್ತಾ, ಬಂದವರಿಗೆಲ್ಲ ಚಾ ಕಾಸುತ್ತಿದ್ದಳು. ಅಪ್ಪಯ್ಯ ಅವಳ ಕಡೆ ತೋರಿಸಿ, "ಪತ್ನಿ ಇದ್ದಾರೆ ಅಂತ ಹಾಕಿದ್ದೊಂದು ನಿಜ" ಎಂದ.

ಶೃಂಗೇರಿ ದಾರಿಯ ತೋಟವೊಂದರ ಯಜಮಾನರು ಕಾರಿನಲ್ಲಿ ಬಂದರು. ಕೈಯಲ್ಲಿ ಹೂವಿನ ಹಾರ. ಅವರ ತೋಟದಲ್ಲಿ ಅಪ್ಪಯ್ಯ ಪ್ರತಿವರ್ಷ ಕೊನೆ ತೆಗೆಯುತ್ತಿದ್ದ. ಎದುರಿಗೆ ಅವನನ್ನೇ ಕಂಡು ಅವರಿಗೆ ಹಾರ ಎಲ್ಲಿಡುವುದೆಂದು ತಿಳಿಯಲಿಲ್ಲ. ಅಪ್ಪಯ್ಯ, "ತಂದಿದ್ದೀರಲ್ಲ, ಹಾಕ್ಬಿಡಿ ಅಯ್ಯ" ಎಂದು ಕುತ್ತಿಗೆ ಬಗ್ಗಿಸಿದ. ಅವರು ಹಾಕಿಯೇಬಿಟ್ಟರು. ಜನ ಹೋ ಎಂದು ನಕ್ಕರು. ಯಜಮಾನರಿಗೂ ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ.

"ನಿನ್ನಂಥ ಕೆಲಸದವ ಇನ್ನೊಬ್ಬ ಸಿಗ್ಲಿಕ್ಕಿಲ್ಲ ಅಂತ ದಾರಿ ಉದ್ದಕ್ಕೂ ಹೇಳ್ಕೊಂಡು ಬಂದೆ ಮಾರಾಯ. ಬದುಕಿದ್ದೀಯಲ್ಲ, ಅಷ್ಟು ಸಾಕು." ಚಾ ಕುಡಿದು ಲೋಟ ಕೆಳಗಿಟ್ಟವರು, "ಹಾಗಾದ್ರೆ ನಮ್ಮ ಕೆಳಗಿನ ತೋಟದ್ದು ಇನ್ನೂ ತೆಗ್ದಿಲ್ಲ ನೋಡು. ಸೋಮವಾರ ಬರ್ತೀಯಾ?" ಎಂದರು.

"ಪೇಪರಲ್ಲಿ ಬಂದಾದ ಮೇಲೆ ಹ್ಯಾಗೆ ಬರ್ಲಿ ಅಯ್ಯ? ಅವ್ರು ಬರೆದಿದ್ದು ಸುಳ್ಳಾಗ್ತದಲ್ಲ" ಎಂದ ಅಪ್ಪಯ್ಯ, ಹಾರ ಸರಿಮಾಡಿಕೊಳ್ಳುತ್ತಾ.

ಮಧ್ಯಾಹ್ನ ವರದಿಗಾರರು ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಅಮ್ಮ ಸೌದೆ ಹಿಡಿದುಕೊಂಡೇ ಹೊರಗೆ ಬಂದಳು. ಅಪ್ಪಯ್ಯ ನಡುವೆ ನಿಂತು, "ಅವ್ರು ಸರಿಯಾಗೇ ಬರ್ದಿದ್ದಾರೆ ಕಣೇ, ಓದಿದೋರಿಗೆ ಕೊನೆ ಗೊತ್ತಿಲ್ಲ" ಎಂದು ಸಮಾಧಾನ ಮಾಡಿದ. ವರದಿಗಾರರು ನಾಳೆಯೇ ತಿದ್ದುಪಡಿ ಹಾಕಿಸುತ್ತೇನೆ ಎಂದು ಕೈ ಮುಗಿದರು.

"ಬದುಕಿದ್ದಾನೆ ಅಂತ ಹಾಕೋದು ನಿಮ್ಮಿಷ್ಟ ಸಾರ್, ಅದು ಊರಿಗೇ ಗೊತ್ತಾಯ್ತು. ಹೆಸ್ರು ಮಾತ್ರ ಹಾಕಿ. ಬೀಳದೆ ಇಳಿದ ಅಂತ ಹಾಕಿ."

ಅವರು ಅಂಗಳದಲ್ಲೇ ನಿಂತು ನಮ್ಮೆದುರಿಗೇ ಬರೆದು ಕಳಿಸಿದರು. ನಾನೇ ಓದಿ ನೋಡಿದೆ. ಪೂರ್ತಿ ಹೆಸರಿತ್ತು, ಹಿರಿಯ ಕೊನೆಗಾರ ಎಂದಿತ್ತು, ಬೀಳದೆ ಇಳಿದದ್ದೂ ಇತ್ತು. ಆ ಕಡೆಯ ಸಾಲನ್ನು ಈ ಸಲ ಅವರೇ ಬಿಟ್ಟಿದ್ದರು.

ಮರುದಿನ ನಾನೇ ಪೇಟೆಗೆ ಹೋಗಿ ಪೇಪರು ತಂದೆ. ದಾರಿಯಲ್ಲೇ ತೆಗೆದು ನೋಡಿ, ಮನೆಗೆ ಹೋಗುವುದೇ ಬೇಡ ಅನ್ನಿಸಿತು. ಒಳಪುಟದ ಕೆಳಗಡೆ ಬೆರಳಗಲದ ಜಾಗದಲ್ಲಿ ಹೀಗಿತ್ತು: "ಕೊಪ್ಪ ತಾಲ್ಲೂಕಿನ ಕೂಲಿ ಕಾರ್ಮಿಕರೊಬ್ಬರು ನಿಧನರಾದರೆಂದು ನಿನ್ನೆ ಪ್ರಕಟವಾಗಿತ್ತು. ಅವರು ಬದುಕಿದ್ದಾರೆ. ವಿಷಾದಿಸುತ್ತೇವೆ."

ವರದಿಗಾರರನ್ನು ಕೇಳಿದರೆ, ಜಾಗ ಸಾಲಲಿಲ್ಲವಂತೆ. ಎಲ್ಲರ ನಿಧನವಾರ್ತೆಗೂ ಜಾಗವಿರುವ ಪುಟದಲ್ಲಿ ಒಬ್ಬ ಬದುಕಿದವನ ಹೆಸರಿಗೆ ಜಾಗವಿರಲಿಲ್ಲ. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಇಷ್ಟವೂ ಇಲ್ಲ. ಡೆಸ್ಕಿನವರು ಕೊನೆ ಎಂಬ ಮಾತನ್ನು ತಪ್ಪು ತಿಳಿದದ್ದು ಸರಿ, ಅದು ನಗುವ ವಿಷಯ. ಇದು ತಿಳಿದೇ ಮಾಡಿದ್ದು. ಬದುಕಿದ್ದಾನೆಂದು ಗೊತ್ತಾದ ಕೂಡಲೇ ಕೃಷಿಕರು ಕೂಲಿಯವರಾದರು, ಹೆಸರಿದ್ದವರು ಬರೀ "ಒಬ್ಬರು" ಆದರು.

ಅಪ್ಪಯ್ಯನಿಗೆ ಓದಿ ಹೇಳಿದೆ. ಮೊದಲು ಅವನು ನಕ್ಕ. "ನಾ ಬದುಕಿದ್ದಕ್ಕೆ ಅವ್ರಿಗೆ ವಿಷಾದವಾ? ಎಂತ ಮಾಡೋದು, ಮಂಡಿ ಒಂದು ಬಿಟ್ರೆ ಬೇರೆ ಎಲ್ಲ ಗಟ್ಟಿಯಿದೆ." ಆಮೇಲೆ ಪೇಪರನ್ನು ತನ್ನ ಕೈಗೆ ತೆಗೆದುಕೊಂಡ. ಅವನಿಗೆ ಓದಲು ಬರುವುದಿಲ್ಲ, ತನ್ನ ಹೆಸರಿನ ಆಕಾರ ಮಾತ್ರ ಗೊತ್ತು. ಆ ಸಣ್ಣ ಚೌಕದ ಮೇಲೆ ಬೆರಳು ಓಡಿಸಿದ, ಮತ್ತೆ ಓಡಿಸಿದ.

"ಹೆಸ್ರೆಲ್ಲಿ?"

"ಹಾಕಿಲ್ಲ ಅಪ್ಪಯ್ಯ."

ಅವನು ಪೇಪರು ಮಡಚಿ ಪಕ್ಕಕ್ಕಿಟ್ಟ. ಅವನ ಮುಖ ಸಣ್ಣದಾದದ್ದನ್ನು ನಾನು ಆಗ ನೋಡಿದೆ. ತಡೆಯಲಾಗಲಿಲ್ಲ. "ನಾನು ಬರೀತೀನಿ. ಎಲ್ಲಾ ಬರೀತೀನಿ. ನಿನ್ನ ಪೂರ್ತಿ ಹೆಸ್ರು ಹಾಕಿ, ದೊಡ್ಡಪ್ಪನ ಹೆಸ್ರೂ ಹಾಕಿ ಬರೀತೀನಿ" ಎಂದೆ.

ಅವನು ಮಡಚಿಟ್ಟ ಪೇಪರನ್ನು ಇನ್ನಷ್ಟು ಆಚೆ ಸರಿಸಿದ.

"ಬರಿ. ಆದ್ರೆ ಹೆಸ್ರು ಹಾಕ್ಬೇಡ."

"ಎಂತಕ್ಕೆ?"

"ಮಗಳು ಅಪ್ಪನ ಹೆಸ್ರು ಬರೆದ್ರೆ ಅದೆಂತ ಸುದ್ದಿ? ನೀ ಹಾಕ್ಬಿಟ್ರೆ ಅವ್ರಿಗೆ ಆರಾಮಾಗ್ತದೆ, ಎಲ್ಲೋ ಒಂದ್ಕಡೆ ಬಂತಲ್ಲ ಅಂತ. ಬೇಡ. ಅದು ಅವ್ರ ಕೆಲಸ, ಅವ್ರೇ ಹಾಕ್ಲಿ. ನಾ ಸತ್ತಿಲ್ಲ ಅಂತ ಅವ್ರೇ ಬರ್ದಿದ್ದಾರಲ್ಲ, ಕಾಯ್ತೀನಿ."